ಬಿಸ್ಕತ್ತಿನ ಡಬ್ಬಿಯಲ್ಲಿದ್ದ ಪಂದ್ಯಗಳು

ಆ ಶನಿವಾರ ಬೆಳಿಗ್ಗೆ ಎಂಟೂವರೆಗೇ ಅಜ್ಜ ನಮ್ಮ ಮನೆ ಬಾಗಿಲು ಬಡಿದರು. ತಲೆಗೆ ಹಳದಿ ಉಲ್ಲನ್ ಟೋಪಿ, ಮೈಮೇಲೆ ಕಡುನೀಲಿ ಕೋಟು, ಕೈಯಲ್ಲಿ ಎರಡು ಜೊತೆ ಗ್ಲೌಸ್. ಅದರಲ್ಲಿ ಒಂದು ಜೊತೆ ನನಗೆ. "ಇನ್ನೂ ಕಾಫಿ ಕುಡೀತಾ ಕೂತಿದ್ದೀಯಾ? ಹೊರಡು" ಅಂದರು. ಪಂದ್ಯ ಇದ್ದದ್ದು ಮಧ್ಯಾಹ್ನ ಹನ್ನೆರಡಕ್ಕೆ. ನಮ್ಮ ಮನೆಯಿಂದ ಪಂದ್ಯ ನಡೆಯುವ ಊರು ಆನ್ ಆರ್ಬರ್ ಅರ್ಧ ಗಂಟೆಯ ದಾರಿ.

ಅದು 2021ರ ನವೆಂಬರ್ 27. ಅಮೆರಿಕದ ಮಿಷಿಗನ್ ಮತ್ತು ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯಗಳ ಫುಟ್‌ಬಾಲ್ ಪಂದ್ಯದ ದಿನ. ಇಲ್ಲಿಯವರು ಅದಕ್ಕೆ ಬೇರೆ ಹೆಸರನ್ನೇ ಇಟ್ಟಿಲ್ಲ. ಸುಮ್ನೆ 'ದ ಗೇಮ್' ಅಂತಾರೆ. ಯಾವ ಗೇಮ್ ಅಂತ ಕೇಳಿದರೆ ನೀವು ಹೊರಗಿನವರು ಅಂತ ಗೊತ್ತಾಗಿಬಿಡುತ್ತದೆ.

ಅಜ್ಜ ನನ್ನ ಅಜ್ಜ ಅಲ್ಲ. ನಮ್ಮ ಪಕ್ಕದ ಮನೆಯವರು. ಕಾರ್ ಫ್ಯಾಕ್ಟರಿಯಲ್ಲಿ ದುಡಿದು ನಿವೃತ್ತರಾದವರು. 2004ರಲ್ಲಿ ನಾವು ಈ ಬೀದಿಗೆ ಬಂದಾಗ ನನ್ನ ಮಗಳು ಒಂದು ವರ್ಷದ ಕೂಸು. ಮಾತು ಕಲಿತ ಮೇಲೆ ಅವಳು ಅವರನ್ನು ಅಜ್ಜ ಅಂದಳು, ಅವರು ಅದನ್ನೇ ತಮ್ಮ ಹೆಸರು ಅಂತ ಒಪ್ಪಿಕೊಂಡರು. ಅವರು ಆಡುವುದು ಇಂಗ್ಲಿಷ್, ಆದರೆ ಅವರ ಮಾತೆಲ್ಲ ನನಗೆ ನೆನಪಿರುವುದು ಕನ್ನಡದಲ್ಲೇ.

ಈ ಆಟ ನನಗೆ ಕಲಿಸಿದ್ದು ಅವರು. ಇದು ನಾವು ಕಾಲಲ್ಲಿ ಆಡುವ ಫುಟ್‌ಬಾಲ್ ಅಲ್ಲ. ಚೆಂಡನ್ನು ಎದೆಗವಚಿಕೊಂಡು ನುಗ್ಗಬೇಕು, ಇಲ್ಲವೇ ಎಸೆಯಬೇಕು. ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋದರೆ ಮತ್ತೆ ನಾಲ್ಕು ಪ್ರಯತ್ನ ಸಿಗುತ್ತದೆ. ಆಗದಿದ್ದರೆ ಚೆಂಡು ಎದುರಾಳಿಗೆ. ಇಷ್ಟು ಗೊತ್ತಾದರೆ ಸಾಕು, ಉಳಿದದ್ದು ತಾನಾಗಿ ಬರುತ್ತೆ ಅಂದಿದ್ದರು. ನಿಜಕ್ಕೂ ಬಂತು.

ಆದರೆ ಅವರು ಕಲಿಸಿದ್ದರಲ್ಲಿ ಜಾಸ್ತಿ ಪಾಲು ಹಳೆಯ ಪಂದ್ಯಗಳ ಕಥೆ. ಅವರ ಹತ್ತಿರ ಒಂದು ನೀಲಿ ಬಿಸ್ಕತ್ತಿನ ಡಬ್ಬಿ ಇದೆ. ನಮ್ಮ ಮನೆಗಳಲ್ಲಿ ಅಂಥ ಡಬ್ಬಿಯಲ್ಲಿ ಸೂಜಿ ದಾರ ಇಡುತ್ತೇವೆ ಅಲ್ವಾ, ಅವರದರಲ್ಲಿ ಪಂದ್ಯದ ಟಿಕೆಟ್ ಚೂರುಗಳಿವೆ. ನವೆಂಬರ್ ಬಂತೆಂದರೆ ಡಬ್ಬಿ ಅಡುಗೆಮನೆಯ ಮೇಜಿನ ಮೇಲೆ ಬರುತ್ತದೆ. ಒಂದೊಂದೇ ಚೂರು ತೆಗೆದು, ಬೆರಳಲ್ಲಿ ಸವರಿ, ಹೇಳುತ್ತಾರೆ.

ಅವರ ಮೊದಲ ಪಂದ್ಯಕ್ಕೆ ಮಾತ್ರ ಟಿಕೆಟ್ ಇಲ್ಲ. ಅದು 1950ರದು. ಅವರಿಗೆ ಒಂಬತ್ತು ವರ್ಷ. ಪಂದ್ಯ ಓಹಾಯೋದ ಕೊಲಂಬಸ್‌ನಲ್ಲಿ, ಇವರು ಅಪ್ಪನ ಪಕ್ಕ ರೇಡಿಯೋ ಮುಂದೆ. ಹೊರಗೆ ಹಿಮದ ಬಿರುಗಾಳಿ. ಮೈದಾನದ ಗೆರೆಗಳೇ ಕಾಣದಷ್ಟು ಹಿಮ. ಚೆಂಡು ಕೈಯಲ್ಲಿಟ್ಟುಕೊಳ್ಳುವುದೇ ಅಪಾಯ ಅಂತ ಎರಡೂ ತಂಡಗಳು ಸಿಕ್ಕ ಕೂಡಲೇ ಅದನ್ನು ದೂರಕ್ಕೆ ಒದೆಯುತ್ತಿದ್ದವು. ಮಿಷಿಗನ್ 24 ಸಲ, ಓಹಾಯೋ 21 ಸಲ. ಮಿಷಿಗನ್‌ನವರು ಇಡೀ ಪಂದ್ಯದಲ್ಲಿ ಒಮ್ಮೆಯೂ ಹತ್ತು ಗಜದ ಗೆರೆ ದಾಟಿ ಹೊಸ ಸರದಿ ಗಳಿಸಲಿಲ್ಲ, ಒಂದು ಪಾಸನ್ನೂ ಹಿಡಿಯಲಿಲ್ಲ. ಆದರೂ 9-3ರಿಂದ ಗೆದ್ದರು. ಎದುರಾಳಿಯ ಒದೆತಗಳನ್ನು ಅಡ್ಡಗಟ್ಟಿಯೇ ಅಷ್ಟೂ ಪಾಯಿಂಟ್ ಬಂದದ್ದು. "ಅಪ್ಪ ರೇಡಿಯೋಗೆ ಕಿವಿ ಅಂಟಿಸಿಕೊಂಡು, ಮತ್ತೆ ಒದ್ದರು, ಮತ್ತೆ ಒದ್ದರು ಅಂತಿದ್ದರು" ಅನ್ನುವಾಗ ಎಂಬತ್ತರ ಅಜ್ಜ ಮತ್ತೆ ಒಂಬತ್ತರ ಹುಡುಗ.

ಆ ಸೋಲಿನಿಂದ ಓಹಾಯೋದ ಕೋಚ್ ಕೆಲಸ ಬಿಟ್ಟರು. ಅವರ ಜಾಗಕ್ಕೆ 1951ರಲ್ಲಿ ವುಡಿ ಹೇಯ್ಸ್ ಬಂದರು. ಹೇಯ್ಸ್ ಕೈಕೆಳಗೆ ಆಡಿ, ಆಮೇಲೆ ಅವರ ಸಹಾಯಕರಾಗಿ ದುಡಿದ ಒಬ್ಬರು 1969ರಲ್ಲಿ ಮಿಷಿಗನ್‌ಗೆ ಕೋಚ್ ಆದರು. ಬೋ ಷೆಂಬೆಕ್ಲರ್. ಅಲ್ಲಿಂದ ಹತ್ತು ವರ್ಷ ಗುರು ಒಂದು ಕಡೆ, ಶಿಷ್ಯ ಒಂದು ಕಡೆ.

1969ರ ಚೂರನ್ನು ಅಜ್ಜ ಯಾರ ಕೈಗೂ ಕೊಡುವುದಿಲ್ಲ. ತೋರಿಸುತ್ತಾರೆ ಅಷ್ಟೇ. ಹಿಂದಿನ ವರ್ಷ ಓಹಾಯೋ 50-14ರಿಂದ ಬಡಿದಿತ್ತು. ಸತತ 22 ಪಂದ್ಯ ಗೆದ್ದು, ದೇಶಕ್ಕೇ ನಂಬರ್ ಒಂದಾಗಿ ಆನ್ ಆರ್ಬರ್‌ಗೆ ಬಂದಿತ್ತು. ಮೊದಲ ಅರ್ಧ ಮುಗಿದಾಗ ಮಿಷಿಗನ್ 24, ಓಹಾಯೋ 12. ಎರಡನೇ ಅರ್ಧದಲ್ಲಿ ಯಾರಿಗೂ ಒಂದು ಪಾಯಿಂಟೂ ಬರಲಿಲ್ಲ. "ನನ್ನ ಜೀವನದಲ್ಲಿ ಅಷ್ಟು ಉದ್ದದ ಅರ್ಧ ಗಂಟೆ ಇನ್ನೊಂದಿಲ್ಲ" ಅಂತಾರೆ. ನಾನು ಎಷ್ಟೋ ಸಲ ಕೇಳಿದ್ದೇನೆ. ಪ್ರತಿ ಸಲವೂ ಕೊನೆಗೆ ಮಿಷಿಗನ್ ಸೋತುಬಿಡುತ್ತೇನೋ ಅಂತ ನನಗೆ ಭಯವಾಗುತ್ತದೆ.

1973ರದ್ದು ಮಾತ್ರ ಬೇಗ ಮುಚ್ಚಿಡುತ್ತಾರೆ. ಎರಡೂ ತಂಡ ಅದುವರೆಗೆ ಸೋತಿರಲಿಲ್ಲ. ಪಂದ್ಯ 10-10ರಲ್ಲಿ ಸಮ. ಆಗಿನ ನಿಯಮದ ಪ್ರಕಾರ ಇಬ್ಬರಲ್ಲಿ ಒಬ್ಬರೇ ಕ್ಯಾಲಿಫೋರ್ನಿಯಾದಲ್ಲಿ ನಡೆಯುವ ರೋಸ್ ಬೌಲ್ ಎಂಬ ದೊಡ್ಡ ಪಂದ್ಯಕ್ಕೆ ಹೋಗಬಹುದಿತ್ತು. ಎರಡೂ ತಂಡಗಳಿರುವ ಬಿಗ್ ಟೆನ್ ಒಕ್ಕೂಟದ ಕಾಲೇಜುಗಳ ಕ್ರೀಡಾ ನಿರ್ದೇಶಕರು ಮತ ಹಾಕಿ ಓಹಾಯೋವನ್ನು ಕಳಿಸಿದರು. ಒಂದು ಪಂದ್ಯವನ್ನೂ ಸೋಲದ ಹುಡುಗರು ಮನೆಯಲ್ಲಿ ಕೂತರು. ಐವತ್ತು ವರ್ಷ ದಾಟಿದರೂ ಅಜ್ಜನ ಕಿವಿ ಕೆಂಪಾಗುತ್ತದೆ. ನನಗೂ ಅದು ಅನ್ಯಾಯ ಅಂತಲೇ ಅನ್ನಿಸುತ್ತದೆ.

ಓಹಾಯೋ ಕಡೆಯ ನೆನಪುಗಳು ನನಗೆ ಸಿಕ್ಕಿದ್ದು ಗೆಳೆಯನೊಬ್ಬನಿಂದ. ಸಾಗರದ ಕಡೆಯವನು, ಓಹಾಯೋ ಸ್ಟೇಟ್‌ನಲ್ಲಿ ಎಂಎಸ್ ಮಾಡಿ ಕೊಲಂಬಸ್‌ನಲ್ಲೇ ಉಳಿದವನು. ಈ ಪಂದ್ಯದ ವಾರ ಅಲ್ಲಿಯ ವಿದ್ಯಾರ್ಥಿಗಳು ಕ್ಯಾಂಪಸ್‌ನ ಬೋರ್ಡುಗಳಲ್ಲಿ ಮಿಷಿಗನ್‌ನ ಮೊದಲ ಅಕ್ಷರ ಎಲ್ಲಿ ಕಂಡರೂ ಕೆಂಪು ಟೇಪ್ ಅಂಟಿಸಿ ಅಡ್ಡ ಗೆರೆ ಹಾಕುತ್ತಾರೆ. ನಮ್ಮ ಗೆಳೆಯ ಅದನ್ನು ಕನ್ನಡಕ್ಕೂ ತಂದ. ಆ ವಾರ ಅವನ ಮೆಸೇಜುಗಳಲ್ಲಿ 'ಮ' ಇರುವುದೇ ಇಲ್ಲ. 'ಮಾರಾಯ' ಹೋಗಿ 'ರಾಯ' ಆಗುತ್ತದೆ, 'ಮನೆ' ಹೋಗಿ 'ನೆ'.

ಅವನು 2006ರ ಪಂದ್ಯಕ್ಕೆ ಹೋಗಿದ್ದ. ನಂಬರ್ ಒಂದು ಮತ್ತು ನಂಬರ್ ಎರಡು ಎದುರುಬದುರು, ಇಬ್ಬರೂ ಸೋಲದವರು. ಹಿಂದಿನ ದಿನವಷ್ಟೇ ಬೋ ಷೆಂಬೆಕ್ಲರ್ ತೀರಿಕೊಂಡಿದ್ದರು. "ನಮ್ಮ ಶತ್ರು ಕಣೋ ಅವರು. ಆದ್ರೆ ಒಂದು ಲಕ್ಷ ಜನ ಟೋಪಿ ತೆಗೆದು ಸುಮ್ನೆ ನಿಂತ್ವಿ" ಅಂದಿದ್ದ. ಓಹಾಯೋ 42-39ರಿಂದ ಗೆದ್ದಿತು. ಅವನು ಆ ಪಂದ್ಯದ ಬಗ್ಗೆ ಮಾತಾಡಿದಾಗಲೆಲ್ಲ ಮೊದಲು ಹೇಳುವುದು ಆ ಮೌನವನ್ನೇ.

2016ರದ್ದು ನಮ್ಮಿಬ್ಬರ ನಡುವೆ ಇನ್ನೂ ತೀರಿಲ್ಲ. ಹೆಚ್ಚುವರಿ ಆಟದ ಎರಡನೇ ಸುತ್ತು. ಓಹಾಯೋಗೆ ನಾಲ್ಕನೇ ಪ್ರಯತ್ನ, ಬೇಕಿದ್ದದ್ದು ಒಂದೇ ಗಜ. ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವನು, ಜೆ.ಟಿ. ಬ್ಯಾರೆಟ್ ನುಗ್ಗಿದ, ತನ್ನವನಿಗೇ ಡಿಕ್ಕಿ ಹೊಡೆದು ಬಿದ್ದ. ಗೆರೆ ಮುಟ್ಟಿದನೋ ಇಲ್ಲವೋ? ಮುಟ್ಟಿದ ಅಂತ ಅಂಪೈರ್‌ಗಳು ಹೇಳಿದರು. ಮುಂದಿನ ಓಟಕ್ಕೇ ಅವರ ಕರ್ಟಿಸ್ ಸ್ಯಾಮ್ಯುಯೆಲ್ ಚೆಂಡಿನ ಜೊತೆ ಕೊನೆಯ ಗೆರೆ ದಾಟಿದ, ಅದೇ ಟಚ್‌ಡೌನ್. 30-27. ನಾನು ಅಜ್ಜನ ಮನೆಯ ಸೋಫಾದಲ್ಲಿ ಕೂತಿದ್ದೆ. ಮುಟ್ಟಲಿಲ್ಲ ಅಂತಲೇ ನನ್ನ ಕಣ್ಣು ಹೇಳಿತು. ಕೊಲಂಬಸ್‌ನಲ್ಲಿ ಕೂತ ಗೆಳೆಯನ ಕಣ್ಣು ಮುಟ್ಟಿತು ಅಂತು. ಇಬ್ಬರೂ ಸುಳ್ಳು ಹೇಳುವವರಲ್ಲ.

2004ರಿಂದ 2019ರವರೆಗೆ ಹದಿನಾರು ಪಂದ್ಯಗಳಲ್ಲಿ ಮಿಷಿಗನ್ ಗೆದ್ದದ್ದು ಒಂದೇ ಸಲ, 2011ರಲ್ಲಿ. 2018ರಲ್ಲಿ 62, 2019ರಲ್ಲಿ 56 ಪಾಯಿಂಟ್ ಹೊಡೆಸಿಕೊಂಡಿತ್ತು. 2020ರಲ್ಲಿ ಕೋವಿಡ್‌ನಿಂದ ಪಂದ್ಯವೇ ನಡೆಯಲಿಲ್ಲ. 1918ರಿಂದ ಒಂದು ವರ್ಷವೂ ತಪ್ಪದೆ ನಡೆದುಬಂದದ್ದು ಅದು. ಆ ನವೆಂಬರ್‌ನಲ್ಲಿ ಅಜ್ಜ ಡಬ್ಬಿಯನ್ನು ತೆಗೆಯಲೇ ಇಲ್ಲ.

2021ರ ಬೇಸಿಗೆ ಮುಗಿಯುತ್ತಿದ್ದಂತೆ ನನ್ನ ಮಗಳು ಮಿಷಿಗನ್ ವಿಶ್ವವಿದ್ಯಾಲಯ ಸೇರಿದಳು. ಅಜ್ಜನ ಹತ್ತಿರ ಯಾವಾಗಲೂ ಎರಡು ಸೀಟು. ಒಂದು ಅವರ ಮಗನದು. ಆ ವರ್ಷ ಮಗನಿಗೆ ಬರಲಾಗಲಿಲ್ಲ. "ನೀನು ಬಾ" ಅಂದರು. ಹದಿನೇಳು ವರ್ಷ ಕಥೆ ಕೇಳಿದವನು ಈ ಪಂದ್ಯಕ್ಕೆ ಕ್ರೀಡಾಂಗಣದೊಳಗೆ ಕಾಲಿಟ್ಟದ್ದು ಅದೇ ಮೊದಲು.

ಮಿಷಿಗನ್ ಸ್ಟೇಡಿಯಂ ಹೊರಗಿನಿಂದ ಅಷ್ಟು ಎತ್ತರ ಕಾಣುವುದಿಲ್ಲ. ನೆಲ ತೋಡಿ ಕಟ್ಟಿದ್ದು ಅದು. ಬಾಗಿಲು ದಾಟಿದರೆ ಕಾಲ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಾ ಹೋಗುತ್ತದೆ. ನನಗೆ ಊರ ದೇವಸ್ಥಾನದ ಕಲ್ಯಾಣಿ ನೆನಪಾಯಿತು. ನಾಲ್ಕೂ ಕಡೆ ಮೆಟ್ಟಿಲು, ತಳದಲ್ಲಿ ನೀರಿನ ಬದಲು ಹಸಿರು. ಆ ದಿನ ಸೇರಿದ್ದು 1,11,156 ಜನ. ಹಿಮ ಬೀಳಲು ಶುರುವಾಗಿತ್ತು. ಮಗಳು ಎಲ್ಲೋ ಎದುರು ತುದಿಯಲ್ಲಿ, ವಿದ್ಯಾರ್ಥಿಗಳ ನಡುವೆ.

ಅರ್ಧ ಮುಗಿದಾಗ ಮಿಷಿಗನ್ 14, ಓಹಾಯೋ 13. ಯಾರೂ ಖುಷಿಯಾಗಿರಲಿಲ್ಲ. ಇಷ್ಟು ಹತ್ತಿರ ಬಂದು ಸೋತದ್ದನ್ನು ಎಲ್ಲರೂ ನೋಡಿದ್ದರು. ಅಜ್ಜ ಫ್ಲಾಸ್ಕಿನಿಂದ ಸೂಪ್ ಬಗ್ಗಿಸಿ ಕೊಟ್ಟರು, ಮಾತಾಡಲಿಲ್ಲ.

ಆಮೇಲಿನದು ನನಗೆ ಇಂದಿಗೂ ಮೈ ಜುಮ್ಮೆನ್ನಿಸುತ್ತದೆ. ಮಿಷಿಗನ್ ಚಮತ್ಕಾರ ಏನೂ ಮಾಡಲಿಲ್ಲ. ಚೆಂಡನ್ನು ಹಾಸನ್ ಹಾಸ್ಕಿನ್ಸ್ ಕೈಗಿಟ್ಟಿತು. ಅವನು ನುಗ್ಗಿದ. ಮತ್ತೆ ಕೊಟ್ಟಿತು, ಮತ್ತೆ ನುಗ್ಗಿದ. ಮುಂದಿನ ಸಾಲಿನ ದಪ್ಪ ಹುಡುಗರು ಓಹಾಯೋದವರನ್ನು ಹಿಂದಕ್ಕೆ, ಹಿಂದಕ್ಕೆ ತಳ್ಳುತ್ತಲೇ ಹೋದರು. ಎತ್ತುಗಳು ಕೆಸರಿನಿಂದ ಗಾಡಿ ಎಳೆದ ಹಾಗಿತ್ತು. ಎರಡನೇ ಅರ್ಧದಲ್ಲಿ ನಾಲ್ಕು ಟಚ್‌ಡೌನ್, ನಾಲ್ಕೂ ಹಾಸ್ಕಿನ್ಸ್‌ನದೇ. ಮೊದಲ ಅರ್ಧದ್ದೂ ಸೇರಿ ಐದು. ಇನ್ನೊಂದು ಕಡೆ ಏಡನ್ ಹಚಿನ್‌ಸನ್ ಓಹಾಯೋದ ಕ್ವಾರ್ಟರ್‌ಬ್ಯಾಕ್ ಸಿ.ಜೆ. ಸ್ಟ್ರೌಡ್‌ನನ್ನು ಮೂರು ಸಲ ಕೆಡವಿದ. ಹಚಿನ್‌ಸನ್ ನಮ್ಮ ಪಕ್ಕದ ಪ್ಲಿಮತ್ ಊರಿನ ಹುಡುಗ. ಅವನಪ್ಪನೂ ಇದೇ ತಂಡಕ್ಕೆ ಆಡಿದವರು. "ಇವನಪ್ಪ ಆಡಿದ್ದನ್ನೂ ನೋಡಿದೀನಿ" ಅಂತ ಅಜ್ಜ ನನ್ನ ಮೊಣಕೈ ಹಿಡಿದರು. ಬಿಡಲಿಲ್ಲ.

ಓಹಾಯೋ 27ಕ್ಕೆ ಬಂತು. ಅಂತರ ಎಂಟೇ ಪಾಯಿಂಟ್. ನನ್ನ ಕಾಲ್ಬೆರಳು ಮರಗಟ್ಟಿದ್ದು ಆಗ ಗೊತ್ತಾಯಿತು. ಎರಡು ನಿಮಿಷ ಚಿಲ್ಲರೆ ಉಳಿದಿರುವಾಗ ಹಾಸ್ಕಿನ್ಸ್ ಐದನೇ ಸಲ ಗೆರೆ ದಾಟಿದ. 42-27. ಮುಂದಿನ ಸಾಲಿನಲ್ಲಿದ್ದ, ಅದುವರೆಗೆ ಒಂದು ಮಾತೂ ಆಡದಿದ್ದ ಹೆಂಗಸು ತಿರುಗಿ ನನ್ನನ್ನು ತಬ್ಬಿಕೊಂಡರು.

ಆಟ ಮುಗಿದ ಕೂಡಲೇ ವಿದ್ಯಾರ್ಥಿಗಳು ಗೋಡೆ ಹಾರಿ ಮೈದಾನಕ್ಕೆ ಇಳಿದರು. ನೋಡುತ್ತಿದ್ದಂತೆ ಹಸಿರು ಮಾಯ, ತುಂಬ ಹಳದಿ, ನೀಲಿ. ಫೋನ್ ಬಂತು. "ಅಪ್ಪಾ! ನಾನು ಕೆಳಗಿದೀನಿ, ಮಧ್ಯದಲ್ಲಿ! ಕಾಣಿಸ್ತಿದೀನಾ?" ಎಲ್ಲಿ ಕಾಣಿಸಬೇಕು? "ಕಾಣಿಸ್ತಿದೀಯಾ ಪುಟ್ಟಿ, ಕೈ ಬೀಸು" ಅಂದೆ. ಕೆಳಗೆ ಸಾವಿರಾರು ಕೈಗಳು ಬೀಸುತ್ತಿದ್ದವು. ನಾನೂ ಬೀಸಿದೆ.

"ಅಜ್ಜನಿಗೆ ಕೊಡಿ" ಅಂದಳು. ಕೊಟ್ಟೆ. ಅವಳು ಏನು ಹೇಳಿದಳೋ ಕೇಳಿಸಲಿಲ್ಲ. ಅಜ್ಜ "ಹೂಂ, ಹೂಂ" ಅಂತ ಕೇಳಿ ಫೋನ್ ಹಿಂದಕ್ಕೆ ಕೊಟ್ಟರು. ಕಣ್ಣು ಒರೆಸಿಕೊಂಡರು. ಬೆಂಚು ಖಾಲಿಯಾಗುತ್ತಾ ಬಂದರೂ ಏಳಲಿಲ್ಲ. ಟೋಪಿಯ ಮೇಲೆ ಬಿದ್ದಿದ್ದ ಹಿಮ ಕರಗಿ ಒದ್ದೆಯಾಗಿತ್ತು. ನಾನೂ ಕೂತೆ.

ಕಾರಿಗೆ ಹೋಗುವಾಗ ಫೋನ್ ಮತ್ತೆ ಟಣ್ ಅಂತು. ಕೊಲಂಬಸ್‌ನ ಗೆಳೆಯ. "ಮಾರಾಯ, ಗೆದ್ರಿ. ಮನೆಗೆ ಹುಷಾರಾಗಿ ಹೋಗು." ಎರಡೂ 'ಮ' ಇದ್ದವು.

ಸಂಜೆ ಅಜ್ಜನ ಅಡುಗೆಮನೆಯಲ್ಲಿ ಡಬ್ಬಿ ತೆರೆದುಕೊಂಡಿತು. ಒಂದು ತೊಂದರೆ ಬಂತು. ಆ ವರ್ಷ ಟಿಕೆಟ್ ಬಂದದ್ದು ಫೋನಿನಲ್ಲಿ. ಡಬ್ಬಿಗೆ ಹಾಕಲು ಚೂರೇ ಇಲ್ಲ. ಅಜ್ಜ ಸ್ವಲ್ಪ ಹೊತ್ತು ಯೋಚಿಸಿ, ಕ್ಯಾಲೆಂಡರಿನಿಂದ ನವೆಂಬರ್ ಹಾಳೆ ಹರಿದು, ಅದರ ಹಿಂದೆ ತಾರೀಖು ಬರೆದರು. 42-27 ಅಂತ ಬರೆದರು. ಹಿಮ ಅಂತ ಬರೆದರು. ತಮ್ಮ ಹೆಸರು ಬರೆದರು. ಪೆನ್ನು ನನ್ನ ಕಡೆ ತಳ್ಳಿ, "ನಿನ್ನದೂ ಹಾಕು. ನಿಮ್ಮ ಅಕ್ಷರದಲ್ಲೇ ಹಾಕು" ಅಂದರು.

ನನ್ನ ಹೆಸರು ಬರೆದೆ. ಅದರ ಕೆಳಗೆ ಮಗಳ ಹೆಸರನ್ನೂ ಬರೆದೆ. ಅಜ್ಜ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, 1969ರ ಚೂರಿನ ಪಕ್ಕ ಇಟ್ಟು, ಡಬ್ಬಿಯ ಮುಚ್ಚಳ ಒತ್ತಿದರು.