ಹೆಸರುಪಟ್ಟಿ ಕೇಳಿದ ಪ್ರಾಯೋಜಕರು

ಬೆಂಗಳೂರು, 19 ಜನವರಿ 2024, ಶುಕ್ರವಾರ

ಇಂದು ಬೆಳಿಗ್ಗೆ ಬೆಳ್ಳಂದೂರಿನ ಹತ್ತಿರ ಹೊರವರ್ತುಲ ರಸ್ತೆಯಲ್ಲಿರುವ ಒಂದು ಸುರಕ್ಷತಾ ತಂತ್ರಾಂಶ ಕಂಪನಿಗೆ ನಾನೂ ನಮ್ಮ ಸಂಘದ ಖಜಾಂಚಿಯವರೂ ಹೋಗಿದ್ದೆವು. ಜೂನ್ ತಿಂಗಳಲ್ಲಿ ನಾವು ನಡೆಸಬೇಕೆಂದಿರುವ ಒಂದು ದಿನದ ಉಚಿತ ಮಾಹಿತಿ ಸುರಕ್ಷತಾ ಸಮ್ಮೇಳನಕ್ಕೆ ಎರಡು ಲಕ್ಷ ರೂಪಾಯಿ ಕೊಡಲು ಆ ಕಂಪನಿಯ ಮಾರುಕಟ್ಟೆ ವಿಭಾಗದ ಮುಖ್ಯಸ್ಥೆ ಸಿದ್ಧರಾಗಿದ್ದರು. ಮುಕ್ಕಾಲು ಗಂಟೆ ಮಾತುಕತೆ ಚೆನ್ನಾಗಿಯೇ ನಡೆಯಿತು. ಎದ್ದು ಹೊರಡುವ ಹೊತ್ತಿಗೆ ಅವರು, "ಸರ್, ನೋಂದಾಯಿಸಿಕೊಂಡವರ ಹೆಸರು, ಇಮೇಲ್, ಮೊಬೈಲ್ ನಂಬರು, ಕೆಲಸ ಮಾಡುವ ಕಂಪನಿ, ಇಷ್ಟನ್ನು ಒಂದು ಎಕ್ಸೆಲ್ ಶೀಟಿನಲ್ಲಿ ಒಂದು ವಾರ ಮುಂಚೆ ಕಳಿಸಿಬಿಡಿ" ಎಂದರು. ಅದು ಸಾಧ್ಯವಿಲ್ಲವೆಂದು ಖಜಾಂಚಿಯವರು ಹೇಳಿದರು. ಹಾಗಾದರೆ ಮೇಲಿನವರ ಒಪ್ಪಿಗೆ ಸಿಗುವುದು ಕಷ್ಟ ಎಂದು ಅವರೂ ಸೌಜನ್ಯದಿಂದಲೇ ತಿಳಿಸಿದರು.

ಅವರ ಮೇಲೆ ನನಗೆ ಕೋಪವಿಲ್ಲ. ಖರ್ಚು ಮಾಡಿದ ಪ್ರತಿ ರೂಪಾಯಿಗೆ ಎಷ್ಟು ಲೀಡ್, ಅಂದರೆ ಮುಂದೆ ಗ್ರಾಹಕರಾಗಬಹುದಾದವರ ವಿವರ, ಸಿಕ್ಕಿತೆಂದು ಅವರೂ ಮೇಲಿನವರಿಗೆ ಲೆಕ್ಕ ಒಪ್ಪಿಸಬೇಕು. ಆದರೆ ಇತರರ ಮಾಹಿತಿಯನ್ನು ಹೇಗೆ ಕಾಪಾಡಬೇಕೆಂದು ಕಲಿಯಲು ಬರುವವರ ಮಾಹಿತಿಯನ್ನೇ ನಾವು ಊಟದ ಖರ್ಚಿಗಾಗಿ ಕೊಟ್ಟುಬಿಟ್ಟರೆ, ಆ ದಿನ ವೇದಿಕೆಯ ಮೇಲೆ ನಿಂತು ಏನು ಹೇಳಲು ನಮಗೆ ಮುಖವಿರುತ್ತದೆ? ಕಳೆದ ಆಗಸ್ಟ್‌ನಲ್ಲಿ ರಾಷ್ಟ್ರಪತಿಯವರ ಅಂಕಿತ ಪಡೆದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023, ಯಾವ ಉದ್ದೇಶಕ್ಕೆ ಒಪ್ಪಿಗೆ ಪಡೆದಿದ್ದೇವೋ ಆ ಉದ್ದೇಶಕ್ಕೆ ಮಾತ್ರ ಮಾಹಿತಿಯನ್ನು ಬಳಸಬೇಕೆನ್ನುತ್ತದೆ. ನಿಯಮಗಳು ಇನ್ನೂ ಹೊರಬಿದ್ದಿಲ್ಲ, ನಿಜ. ಕಾಯ್ದೆ ಇಲ್ಲದಿದ್ದರೂ ನಮ್ಮ ಉತ್ತರ ಇದೇ ಆಗಿರುತ್ತಿತ್ತು.

ಮರಳಿ ಬರುವಾಗ ದಾರಿಯುದ್ದಕ್ಕೂ ಫಾಸ್‌ಡೆಮ್‌ನ ನೆನಪೇ ಆಗುತ್ತಿತ್ತು. ಇನ್ನು ಎರಡು ವಾರದಲ್ಲಿ, ಫೆಬ್ರವರಿ 3 ಮತ್ತು 4ರಂದು, ಬ್ರಸೆಲ್ಸ್‌ನ ವಿಶ್ವವಿದ್ಯಾಲಯವೊಂದರ ಆವರಣದಲ್ಲಿ ಮುಕ್ತ ತಂತ್ರಾಂಶದ ಆ ಸಮ್ಮೇಳನ ನಡೆಯಲಿದೆ. ಸಾವಿರಾರು ಜನ ಸೇರುವ ಅಲ್ಲಿ ಪ್ರವೇಶ ಶುಲ್ಕವೂ ಇಲ್ಲ, ನೋಂದಣಿಯೂ ಇಲ್ಲ. ಬಂದವರ ಪಟ್ಟಿಯೇ ಇಲ್ಲದ ಮೇಲೆ ಅದನ್ನು ಪ್ರಾಯೋಜಕರಿಗೆ ಕೊಡುವ ಪ್ರಶ್ನೆಯೂ ಏಳುವುದಿಲ್ಲ. ಆದರೂ ಅದಕ್ಕೆ ಪ್ರಾಯೋಜಕರಿದ್ದಾರೆ. ನಮ್ಮದೇ ಮಾಹಿತಿ ಸುರಕ್ಷತಾ ಕ್ಷೇತ್ರದ ಬಿಸೈಡ್ಸ್ ಸಮ್ಮೇಳನ 2009ರಲ್ಲಿ ಲಾಸ್ ವೇಗಸ್‌ನಲ್ಲಿ ಶುರುವಾದದ್ದು ಬ್ಲ್ಯಾಕ್ ಹ್ಯಾಟ್ ಸಮ್ಮೇಳನದಲ್ಲಿ ಜಾಗ ಸಿಗದೆ ಉಳಿದುಹೋದ ಉಪನ್ಯಾಸಗಳಿಗೊಂದು ವೇದಿಕೆ ಬೇಕೆಂದು. ಗ್ರಾಮಫೋನ್ ತಟ್ಟೆಯ ಇನ್ನೊಂದು ಬದಿ ಎಂಬ ಅರ್ಥದ ಆ ಹೆಸರಿನಲ್ಲಿ ಈಗ ಎಷ್ಟೋ ದೇಶಗಳಲ್ಲಿ ಸಮ್ಮೇಳನಗಳು ನಡೆಯುತ್ತಿವೆ. ಅಷ್ಟು ದೂರವೇಕೆ, ಇದೇ ಬೆಂಗಳೂರಿನಲ್ಲಿ ನಲ್ ಎಂಬ ಮಾಹಿತಿ ಸುರಕ್ಷತಾ ಆಸಕ್ತರ ಬಳಗದವರ ಶನಿವಾರದ ಉಚಿತ ಸಭೆಗಳು ಹಲವು ವರ್ಷಗಳಿಂದ ನಡೆದು ಬಂದಿರುವುದೇ ಕಂಪನಿಗಳು ತಮ್ಮ ಕಚೇರಿಯ ಸಭಾಂಗಣವನ್ನು ಬಿಟ್ಟುಕೊಡುವುದರಿಂದ. ನಾನು ಈ ವಿದ್ಯೆ ಕಲಿತದ್ದೇ ಅಂಥ ಸಭೆಗಳಲ್ಲಿ, ಹಿಂದಿನ ಸಾಲಿನಲ್ಲಿ ಕುಳಿತು.

ಮಧ್ಯಾಹ್ನ ಖಜಾಂಚಿಯವರ ಮನೆಯಲ್ಲಿ ಲೆಕ್ಕದ ಪುಸ್ತಕ ತೆರೆದೆವು. ಮುನ್ನೂರು ಜನರ ತಿಂಡಿ, ಊಟ, ಎರಡು ಹೊತ್ತಿನ ಕಾಫಿಗೆ ತಲಾ 350 ರೂಪಾಯಿಯಂತೆ 1,05,000. ವಿಡಿಯೊ ಚಿತ್ರೀಕರಣಕ್ಕೆ 75,000. ಉಪನ್ಯಾಸಕರ ಪ್ರಯಾಣಕ್ಕೆ 60,000. ಹಾಸನ, ತುಮಕೂರು, ಚಿತ್ರದುರ್ಗದ ಕಡೆಯಿಂದ ಬರುವ ಮೂವತ್ತು ವಿದ್ಯಾರ್ಥಿಗಳ ಪ್ರಯಾಣ, ವಸತಿಗೆ 45,000. ಇತರೆ ಎಲ್ಲ ಸೇರಿ ಒಟ್ಟು 3,80,000. ಸಭಾಂಗಣವನ್ನು ಒಂದು ಎಂಜಿನಿಯರಿಂಗ್ ಕಾಲೇಜು ಬಾಡಿಗೆಯಿಲ್ಲದೆ ಕೊಡುತ್ತಿದೆ. ವಿದ್ಯುತ್ತು, ಸ್ವಚ್ಛತೆಯ ಖರ್ಚಷ್ಟೇ ನಮ್ಮದು. ಇದುವರೆಗೆ ಮಾತು ಕೊಟ್ಟವರಿಂದ ಬರುವುದು 1,40,000. ವಿದ್ಯಾರ್ಥಿಗಳ ಬಾಬತ್ತನ್ನು ಕೈಬಿಟ್ಟರೆ ಹೇಗೆ ಎಂಬ ಮಾತು ಬಂದಾಗ ನಾನು ಗಟ್ಟಿಯಾಗಿ ಬೇಡವೆಂದೆ. ಶುಲ್ಕವಿರುವ ಸಮ್ಮೇಳನಗಳಿಗೆ ಬರಲಾಗದವರಿಗಾಗಿಯೇ ಅಲ್ಲವೆ ನಾವಿದನ್ನು ನಡೆಸುತ್ತಿರುವುದು?

"ಸಿಎಸ್‌ಆರ್ ಹಣ ಕೇಳಿ" ಎಂದು ಸಲಹೆ ಕೊಡುವವರು ಬಹಳ ಜನ. ಸಿಎಸ್‌ಆರ್ ಎಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ; ಕಂಪನಿ ಕಾಯ್ದೆಯ 135ನೆಯ ಕಲಮಿನಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕು. ಆದರೆ ತಮ್ಮ ಉತ್ಪನ್ನದ ಪ್ರಚಾರಕ್ಕಾಗಿ ಕೊಡುವ ಪ್ರಾಯೋಜಕತ್ವವನ್ನು ನಿಯಮಗಳೇ ಅದರಿಂದ ಹೊರಗಿಟ್ಟಿವೆ. ಬ್ಯಾನರಿನ ಮೇಲೆ ಲಾಂಛನ ಬೇಕೆನ್ನುವವರಿಗೆ ಈ ದಾರಿ ಇಲ್ಲ.

ಅದಕ್ಕಿಂತ ಹೆಚ್ಚು ತೊಂದರೆ ಕೊಡುವುದು ಹಣ ಬರುವ ಸಮಯ. ಒಪ್ಪಿಕೊಂಡ ಕಂಪನಿಯ ಖರೀದಿ ವಿಭಾಗದಲ್ಲಿ ಮೊದಲು ನಾವು ವೆಂಡರ್ ಆಗಿ ನೋಂದಾಯಿಸಿಕೊಳ್ಳಬೇಕು. ಅದಕ್ಕೆ ಸಂಘದ ಹೆಸರಿನ ಪ್ಯಾನ್, ಬ್ಯಾಂಕ್ ಖಾತೆ, ನೋಂದಣಿ ಪತ್ರ ಎಲ್ಲವೂ ಬೇಕು. ಶೇ 18ರ ಜಿಎಸ್‌ಟಿಯನ್ನು ಪ್ರಾಯೋಜಕತ್ವದ ಮಟ್ಟಿಗೆ ಹಣ ಕೊಡುವ ಕಂಪನಿಯೇ ರಿವರ್ಸ್ ಚಾರ್ಜ್ ರೂಪದಲ್ಲಿ ಕಟ್ಟಬೇಕೆಂದು ಎಷ್ಟೋ ಲೆಕ್ಕ ವಿಭಾಗಗಳಿಗೆ ನಾವೇ ವಿವರಿಸಬೇಕಾಗುತ್ತದೆ. ಶೇ 2ರ ಟಿಡಿಎಸ್ ಕಡಿತವಾಗಿ ಉಳಿದದ್ದು ಇನ್‌ವಾಯ್ಸ್ ಕೊಟ್ಟ ಅರವತ್ತು ದಿನಕ್ಕೆ ಬಂದರೆ ಪುಣ್ಯ. ಅಡುಗೆಯವರು ಮಾತ್ರ ಅರ್ಧ ಹಣವನ್ನು ಮುಂಗಡವಾಗಿಯೇ ಕೇಳುತ್ತಾರೆ, ಅದು ನ್ಯಾಯವೂ ಹೌದು. ಕಳೆದ ಬಾರಿ ಆ ಮುಂಗಡವನ್ನು ನಾವು ನಾಲ್ಕು ಜನ ನಮ್ಮ ಸಂಬಳದಿಂದ ಹಾಕಿದ್ದೆವು.

ಸಂಜೆ ಆರಕ್ಕೆ ಜಯನಗರಕ್ಕೆ ಹೋದೆವು. ಹನ್ನೆರಡು ಜನ ಕೆಲಸ ಮಾಡುವ, ಪೆನೆಟ್ರೇಶನ್ ಟೆಸ್ಟಿಂಗ್ (ಒಪ್ಪಿಗೆ ಪಡೆದು ದಾಳಿಕೋರರಂತೆ ವ್ಯವಸ್ಥೆಯೊಳಗೆ ನುಗ್ಗಿ ನೋಡಿ ಲೋಪ ಹುಡುಕುವ ಪರೀಕ್ಷೆ) ಮಾಡಿಕೊಡುವ ಒಂದು ಪುಟ್ಟ ಕಂಪನಿ ಅದು. ಅದರ ಮಾಲೀಕರು ನಮ್ಮ ಪ್ರಸ್ತಾವವನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಪ್ರಾಯೋಜಕರಿಗೆ ಉಪನ್ಯಾಸದ ಅವಧಿಯನ್ನು ಮಾರುವುದಿಲ್ಲ ಎಂಬ ಸಾಲಿನ ಮೇಲೆ ಬೆರಳಿಟ್ಟು, "ಇದನ್ನು ಬದಲಾಯಿಸಬೇಡಿ ಸರ್" ಎಂದರು. ಅವರಿಗೆ ಬೇಕಾದದ್ದು ಉದ್ಯೋಗಾಕಾಂಕ್ಷಿಗಳು ತಾವಾಗಿಯೇ ಬಂದು ಮಾತನಾಡಬಹುದಾದ ಒಂದು ಮೇಜು, ಎರಡು ಕುರ್ಚಿ. ದೊಡ್ಡ ಕಂಪನಿಗಳೊಡನೆ ಪೈಪೋಟಿ ಮಾಡಿ ಜಾಹೀರಾತು ಕೊಡಲಾರದ ತಮಗೆ ಒಳ್ಳೆಯ ಹುಡುಗ ಹುಡುಗಿಯರು ಸಿಗುವುದು ಇಂಥ ಕಡೆಯೇ ಎಂದರು. ಊಟೋಪಚಾರದ ಪೂರ್ತಿ ಖರ್ಚನ್ನು ವಹಿಸಿಕೊಂಡು, ಮುಂಗಡವನ್ನು ನೇರವಾಗಿ ಅಡುಗೆಯವರಿಗೇ ಕಟ್ಟುವುದಾಗಿ ಹೇಳಿದಾಗ ಖಜಾಂಚಿಯವರ ಕಣ್ಣು ತುಂಬಿ ಬಂತು.

ಇನ್ನು ಬೇಕಾದದ್ದು 1,35,000. ಆರ್ಥಿಕ ವರ್ಷ ಮಾರ್ಚ್ 31ಕ್ಕೆ ಮುಗಿಯುವುದರಿಂದ, ಬಜೆಟ್ಟಿನಲ್ಲಿ ಹಣ ಉಳಿದಿರುವ ವಿಭಾಗಗಳು ಖರ್ಚಿನ ದಾರಿ ಹುಡುಕುವುದು ಈ ತಿಂಗಳುಗಳಲ್ಲೇ; ಮುಂದಿನ ವಾರವೇ ಐದು ಕಂಪನಿಗಳಿಗೆ ಪತ್ರ ಹೋಗಬೇಕು. ಬೆಳ್ಳಂದೂರಿನವರಿಗೂ ಕೃತಜ್ಞತೆಯ ಪತ್ರ ಬರೆದಿದ್ದೇನೆ: ಪಟ್ಟಿ ಕೊಡಲಾರೆವು, ಆದರೆ ನಿಮಗೂ ಒಂದು ಮೇಜು ಇಡುತ್ತೇವೆ, ಇಷ್ಟವಿದ್ದವರು ತಾವೇ ಬಂದು ತಮ್ಮ ವಿವರ ಕೊಡಲಿ ಎಂದು. ಮಲಗುವ ಮುನ್ನ ನೋಂದಣಿ ಅರ್ಜಿಯಿಂದ ಮೊಬೈಲ್ ಸಂಖ್ಯೆ, ಕಂಪನಿಯ ಹೆಸರು ಎರಡನ್ನೂ ತೆಗೆದುಹಾಕಿದೆ. ಅಡುಗೆಯವರಿಗೆ ಹೇಳಬೇಕಾದದ್ದು ಎಷ್ಟು ಎಲೆ ಎಂಬುದಷ್ಟೇ.