125 ಮೆಗಾಹರ್ಟ್ಸ್‌ನಲ್ಲಿ ಎದ್ದ ಗೆರೆ

ಸಾಧನವೊಂದು ಎಷ್ಟು ರೇಡಿಯೋ ಅಲೆ ಹೊರಸೂಸುತ್ತದೆ ಎಂದು ಅಳೆಯುವ ಪರೀಕ್ಷಾ ಕೋಣೆಯ ಬಾಗಿಲು ಮುಚ್ಚಿದ ಮೇಲೆ ಹೊರಗಿದ್ದವರಿಗೆ ಪರದೆ ನೋಡುತ್ತಾ ಕೂರುವುದೊಂದೇ ಕೆಲಸ. ಒಳಗೆ ತಿರುಗುಮೇಜಿನ ಮೇಲೆ ಸೆನ್ಸರಿನ ಅಳತೆಗಳನ್ನು ದಾಖಲಿಸುವ ನಮ್ಮ ಡೇಟಾ ಲಾಗರ್ ನಿಧಾನಕ್ಕೆ ಸುತ್ತುತ್ತಿತ್ತು, ಆಂಟೆನಾ ಒಂದರಿಂದ ನಾಲ್ಕು ಮೀಟರ್ ಎತ್ತರದವರೆಗೆ ಹತ್ತಿ ಇಳಿಯುತ್ತಿತ್ತು. 30 ಮೆಗಾಹರ್ಟ್ಸ್‌ನಿಂದ ಶುರುವಾದ ಗೆರೆ 100 ದಾಟುವವರೆಗೂ ಮಿತಿಯ ಕೆಳಗೇ ಇತ್ತು. 125ಕ್ಕೆ ಬಂದದ್ದೇ ತಡ, ಮೇಲಕ್ಕೆ ಜಿಗಿಯಿತು. ಇಂಥ ಹೊರಸೂಸುವಿಕೆಗೆ ಮಿತಿ ಹಾಕುವ ಅಂತರರಾಷ್ಟ್ರೀಯ ಮಾನದಂಡ ಸಿಸ್ಪರ್ 32ರ ಬಿ ದರ್ಜೆಗೆ (ಮನೆಗಳಲ್ಲಿ ಬಳಸುವ ಸಾಧನಗಳ ದರ್ಜೆ), ಮೂರು ಮೀಟರ್ ದೂರದಲ್ಲಿ, ಅಲ್ಲಿರುವ ಮಿತಿ ಪ್ರತಿ ಮೀಟರಿಗೆ 40 ಡೆಸಿಬಲ್ ಮೈಕ್ರೋವೋಲ್ಟ್. ನಮ್ಮದು 46. ಆರೇ ಅಲ್ಲವೇ ಅನ್ನುವ ಹಾಗಿಲ್ಲ, ಕ್ಷೇತ್ರದ ಬಲ ಎರಡು ಪಟ್ಟು ಅಂತ ಅರ್ಥ.

ಬೋರ್ಡಿನ ಚಿಪ್‌ಗಳಿಗೆ ತಾಳ ಕೊಡುವ ಕ್ಲಾಕ್ 25 ಮೆಗಾಹರ್ಟ್ಸ್, ಅದರ ಐದನೇ ಹಾರ್ಮೋನಿಕ್, ಅಂದರೆ ಐದು ಪಟ್ಟಿನ ಆವರ್ತನ, 125. ಬೋರ್ಡ್ ವಿನ್ಯಾಸ ಮಾಡಿದ ಗೆಳೆಯ ಆಗಲೇ ಕ್ಲಾಕಿಗೆ ಲೋಹದ ಮುಚ್ಚಳ ಹಾಕುವ ಮಾತು ತೆಗೆದಿದ್ದ. ಲ್ಯಾಬಿನ ಎಂಜಿನಿಯರ್, "ಮೊದಲು ಸೆನ್ಸರ್ ಕೇಬಲ್ ಕಿತ್ತು ನೋಡೋಣ ಸಾರ್" ಅಂದರು. ಕಿತ್ತೆವು. ಗೆರೆ ಮಾಯ.

ಕೇಬಲ್ ಉದ್ದ ಸುಮಾರು 60 ಸೆಂಟಿಮೀಟರ್. 125 ಮೆಗಾಹರ್ಟ್ಸ್ ಅಲೆಯ ಉದ್ದ 2.4 ಮೀಟರ್, ಅದರ ಕಾಲು ಭಾಗವೂ ಅಷ್ಟೇ. ಬೇಕೆಂದೇ ಆಂಟೆನಾ ಮಾಡಿದ್ದರೂ ಅಳತೆ ಇಷ್ಟು ಚೆನ್ನಾಗಿ ಕೂಡುತ್ತಿತ್ತೋ ಇಲ್ಲವೋ! ಅಂಥ ತಂತಿಯಲ್ಲಿ ಕೆಲವೇ ಮೈಕ್ರೋಆಂಪ್ ಕಾಮನ್ ಮೋಡ್ ಕರೆಂಟ್ (ಕೇಬಲಿನ ಎಲ್ಲ ತಂತಿಗಳಲ್ಲೂ ಒಂದೇ ದಿಕ್ಕಿಗೆ ಹೋಗುವ ಕರೆಂಟ್) ಹರಿದರೂ ಪರೀಕ್ಷೆ ಕೈಕೊಡುತ್ತದೆ.

ಆದರೆ ಅದು ಶೀಲ್ಡ್, ಅಂದರೆ ಅಲೆ ಹೊರಬಾರದಂತೆ ತಡೆಯುವ ಲೋಹದ ಹೊದಿಕೆ, ಇದ್ದ ಕೇಬಲ್. ಕನೆಕ್ಟರಿನ ಹುಡ್ (ಹೊರ ಕವಚ) ಬಿಚ್ಚಿದೆ. ಹೆಣೆದ ತಾಮ್ರದ ಶೀಲ್ಡನ್ನು ಹುರಿಮಾಡಿ, ಮೂರು ಸೆಂಟಿಮೀಟರ್ ಬಾಲ ಬಿಟ್ಟು, ಒಂದು ಪಿನ್ನಿಗೆ ಬೆಸುಗೆ ಹಾಕಿದ್ದರು. ಮಲ್ಟಿಮೀಟರ್ ಹಿಡಿದರೆ ಸೊನ್ನೆ ಓಮ್, ಯಾರಿಗೂ ಅನುಮಾನ ಬರುವುದಿಲ್ಲ. 125 ಮೆಗಾಹರ್ಟ್ಸ್‌ಗೆ ಅದೇ ಬಾಲ ತನ್ನ ಇಂಡಕ್ಟೆನ್ಸಿನಿಂದ (ಬದಲಾಗುವ ಕರೆಂಟಿಗೆ ತಂತಿ ಒಡ್ಡುವ ಅಡ್ಡಿ) ಅಂದಾಜು 20 ಓಮ್ ಅಡ್ಡಗಟ್ಟುತ್ತದೆ, ಶೀಲ್ಡ್ ಪೆಟ್ಟಿಗೆಗೆ ಸರಿಯಾಗಿ ಸೇರಿದಂತೆ ಆಗುವುದಿಲ್ಲ.

ಕೇಬಲಿಗೆ ಫೆರೈಟ್ (ಹೆಚ್ಚಿನ ಆವರ್ತನದ ಕರೆಂಟನ್ನು ತಡೆಯುವ ಕಾಂತೀಯ ಉಂಗುರ) ತೊಡಿಸಿದರೆ ಮೂರು ಡೆಸಿಬಲ್ ಇಳಿಯಿತು, ಸಾಲಲಿಲ್ಲ. ಫೆರೈಟ್ ನನ್ನ ಮಟ್ಟಿಗೆ ನೋವಿನ ಮಾತ್ರೆ, ಅವಸರಕ್ಕೆ ಸರಿ. ಅದನ್ನು ತೆಗೆದು, ಬಾಲ ಕತ್ತರಿಸಿ, ಶೀಲ್ಡನ್ನು ಹೊರ ಸಿಪ್ಪೆಯ ಮೇಲೆ ಹಿಂದಕ್ಕೆ ಮಡಚಿ, ಲೋಹದ ಹುಡ್ಡಿನೊಳಗೆ ಸುತ್ತಲೂ ಕಚ್ಚುವಂತೆ ಬಿಗಿದೆವು. ಆಗಲೂ ಗೆರೆ ಅರೆಮನಸ್ಸಿನಿಂದ ಇಳಿಯಿತು. ಪೆಟ್ಟಿಗೆಯ ಕಡೆ ಟಾರ್ಚ್ ಬಿಟ್ಟಾಗ ಕಂಡದ್ದು ಬಣ್ಣ! ಕನೆಕ್ಟರ್ ಕೂರುವ ಜಾಗಕ್ಕೂ ನೀಟಾಗಿ ಪೌಡರ್ ಕೋಟಿಂಗ್ ಹೊಡೆದಿದ್ದರು, ಆ ಪದರದ ಮೂಲಕ ಕರೆಂಟ್ ಹರಿಯದು. ಬ್ಲೇಡಿನಿಂದ ಲೋಹ ಹೊಳೆಯುವವರೆಗೆ ಕೆರೆದು ಕೂರಿಸಿದ ಮೇಲೆ 34ಕ್ಕೆ ಬಂತು.

ಆ ಜಾಗಕ್ಕೆ ಬಣ್ಣ ಬೇಡವೆಂದು ನಕ್ಷೆ ತಿದ್ದಿ ಕಳಿಸಿದರೆ, ತುಕ್ಕು ಹಿಡಿಯುತ್ತದೆ ಎಂದು ಪೆಟ್ಟಿಗೆ ಮಾಡುವವರ ತಕರಾರು. ತವರದ ಲೇಪ ಕೊಡಿ ಎಂದು ಬರೆದೆ.