ಮುರಕಲ್ಲಿನ ಮನೆಗೆ ವೈಫೈ: ಬಿಸುವಿನಿಂದ ಆಟಿಯವರೆಗೆ

ಉಡುಪಿ ಬಳಿಯ ಕಟಪಾಡಿಯ ಹಂಚಿನ ಮನೆ. ಚಾವಡಿ, ಒಳಕೋಣೆ, ಅಡುಗೆಮನೆ ಒಂದರ ಹಿಂದೆ ಒಂದು, ನಡುವೆ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ದಪ್ಪ ಗೋಡೆಗಳು. ಇಂಟರ್ನೆಟ್ ಫೈಬರ್ ಮತ್ತು ರೂಟರ್ ಬಂದು ಕೂತದ್ದು ಚಾವಡಿಯ ಮೂಲೆಯಲ್ಲಿ.

ಬಿಸು (ತುಳು ಹೊಸವರ್ಷ, ಏಪ್ರಿಲ್ ಮಧ್ಯ) ಆದ ಮರುವಾರ: ಅಳತೆ

5 ಗಿಗಾಹರ್ಟ್ಸ್ ವೈಫೈ ಸಿಗ್ನಲ್ ರೂಟರ್ ಎದುರು ಮೈನಸ್ 40 ಡಿಬಿಎಂ (ಸಿಗ್ನಲ್ ಬಲದ ಅಳತೆ; ಮೈನಸ್ ಮುಂದಿನ ಅಂಕಿ ದೊಡ್ಡದಾದಷ್ಟು ಸಿಗ್ನಲ್ ದುರ್ಬಲ), ಒಂದು ಗೋಡೆಯಾಚೆ ಮೈನಸ್ 62, ಎರಡರಾಚೆ ಮೈನಸ್ 79. ವಿಡಿಯೊ ಕರೆ ತಡವರಿಸದಿರಲು ಮೈನಸ್ 67ರ ಆಸುಪಾಸು ಬೇಕು. ಆರು ಆಂಟೆನಾದ ರೂಟರ್ ತಂದರೂ ಪ್ರಯೋಜನ ಕಡಿಮೆ: ರೂಟರ್ ಎಷ್ಟು ಕೂಗಿದರೇನು, ಫೋನಿನ ಸಣ್ಣ ದನಿ ಅದೇ ಗೋಡೆ ದಾಟಿ ವಾಪಸ್ ಬರಬೇಕಲ್ಲ! ಪ್ಲಗ್ಗಿಗೆ ಚುಚ್ಚುವ ಅಗ್ಗದ ರಿಪೀಟರ್ ಒಂದೇ ರೇಡಿಯೊದಲ್ಲಿ ಕೇಳಿ, ಅದರಲ್ಲೇ ಮತ್ತೆ ಹೇಳುವುದರಿಂದ ವೇಗ ಅರ್ಧಕ್ಕಿಳಿಯುತ್ತದೆ. ಹಾಗಾಗಿ ಅಡುಗೆಮನೆವರೆಗೆ ಕೇಬಲ್ ಎಳೆದು ಅಲ್ಲೊಂದು ಎರಡನೇ ವೈಫೈ ಪೆಟ್ಟಿಗೆ ಇಡುವುದೇ ಸರಿ.

ಮೇ ಮೊದಲ ವಾರ: ಅಟ್ಟದ ಮೇಲೆ

22 ಮೀಟರ್ ಕ್ಯಾಟ್6 ನೆಟ್‌ವರ್ಕ್ ಕೇಬಲ್, ಇಲಿಗೆ ಸಿಗದಂತೆ 20 ಮಿ.ಮೀ. ಪಿವಿಸಿ ಪೈಪಿನೊಳಗೆ. ಕೊಳ್ಳುವಾಗ ತಂತಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗಿದ್ದರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಕರಾವಳಿಯ ತೇವಕ್ಕೆ ತುದಿ ಬೇಗ ಹಾಳಾಗುತ್ತದೆ, ಬಗ್ಗಿಸಿದರೆ ತುಂಡಾಗುತ್ತದೆ.

ಕ್ರಿಂಪಿಂಗ್ (ಕೇಬಲ್ ತುದಿಗೆ ಪ್ಲಗ್ ಒತ್ತಿ ಕೂರಿಸುವ) ಕ್ರಮ: ಕಿತ್ತಳೆ-ಬಿಳಿ, ಕಿತ್ತಳೆ, ಹಸಿರು-ಬಿಳಿ, ನೀಲಿ, ನೀಲಿ-ಬಿಳಿ, ಹಸಿರು, ಕಂದು-ಬಿಳಿ, ಕಂದು. ಎರಡೂ ತುದಿಗೆ ಇದೇ. ಮೊದಲ ಸಲ ಲಿಂಕ್ 100 ಎಂಬಿಪಿಎಸ್‌ಗೆ ನಿಂತಿತು. ಪ್ಲಗ್ಗನ್ನು ಬೆಳಕಿಗೆ ಹಿಡಿದರೆ ಕಾರಣ ಕಾಣುತ್ತಿತ್ತು: ಕೊನೆಯ ಕಂದು ತಂತಿ ಕೂದಲೆಳೆಯಷ್ಟು ಗಿಡ್ಡ, ಪಿನ್ನಿಗೆ ತಾಗಿರಲಿಲ್ಲ. 100ಕ್ಕೆ ಎರಡು ಜೋಡಿ ಸಾಕು, ಗಿಗಾಬಿಟ್‌ಗೆ (1000 ಎಂಬಿಪಿಎಸ್) ನಾಲ್ಕೂ ಬೇಕು. ಕತ್ತರಿಸಿ ಹೊಸದು ಹಾಕಿದ ಮೇಲೆ ಸರಿಹೋಯಿತು.

ಅಡುಗೆಮನೆ ಬಾಗಿಲ ಮೇಲಿನ ಎರಡನೇ ಪೆಟ್ಟಿಗೆ ಆಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿರಬೇಕು (ಬರೀ ವೈಫೈ ಕೊಡಬೇಕು, ರೂಟರ್ ಕೆಲಸ ಮಾಡಬಾರದು). ಇಲ್ಲದಿದ್ದರೆ ಅದೂ ಐಪಿ (ನೆಟ್‌ವರ್ಕ್ ವಿಳಾಸ) ಹಂಚತೊಡಗಿ ಪ್ರಿಂಟರ್ ಒಂದು ಕಡೆ, ಲ್ಯಾಪ್‌ಟಾಪ್ ಇನ್ನೊಂದು ಕಡೆ ಆಗುತ್ತವೆ. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ಒಂದಕ್ಕೊಂದು ಅಡ್ಡ ಬರದಂತೆ 2.4 ಗಿಗಾಹರ್ಟ್ಸ್‌ನಲ್ಲಿ ಚಾನೆಲ್ 1 ಮತ್ತು 11, ಅಗಲ 20 ಮೆಗಾಹರ್ಟ್ಸ್. 5ರಲ್ಲಿ 36 ಮತ್ತು 149.

ಮೇ ಕೊನೆ: ಬೀಗ

ರೂಟರ್‌ನ ಅಡ್ಮಿನ್ ಪಾಸ್‌ವರ್ಡ್ ಬದಲು, ಫರ್ಮ್‌ವೇರ್ (ಅದರೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್, ರಿಮೋಟ್ ಮ್ಯಾನೇಜ್‌ಮೆಂಟ್ (ಹೊರಗಿನಿಂದ ರೂಟರ್ ನಿಯಂತ್ರಿಸುವುದು) ಬಂದ್, ಯುಪಿಎನ್‌ಪಿ (ಸಾಧನಗಳು ತಾವೇ ರೂಟರ್‌ನಲ್ಲಿ ದಾರಿ ತೆರೆದುಕೊಳ್ಳುವ ಸೌಲಭ್ಯ) ಬಂದ್. ಡಬ್ಲ್ಯೂಪಿಎಸ್ (ಪಾಸ್‌ವರ್ಡ್ ಬದಲು ಪಿನ್ ಕೊಟ್ಟು ಅಥವಾ ಬಟನ್ ಒತ್ತಿ ವೈಫೈ ಸೇರುವ ಸೌಲಭ್ಯ) ಕೂಡ ಬಂದ್. ಅದರ 8 ಅಂಕಿಯ ಪಿನ್ ಎರಡು ತುಂಡಾಗಿ ಪರೀಕ್ಷೆಯಾಗುವುದರಿಂದ ಹೆಚ್ಚೆಂದರೆ 11,000 ಪ್ರಯತ್ನದಲ್ಲಿ ಸಿಗುತ್ತದೆ. ಈ ದೋಷ 2011ರಲ್ಲೇ ಬಯಲಾಗಿದೆ.

ನಮ್ಮ ಕಡೆ ಮೊಬೈಲ್ ನಂಬರೇ ವೈಫೈ ಪಾಸ್‌ವರ್ಡ್. ಡಬ್ಲ್ಯೂಪಿಎ2 ಎಂಬ ವೈಫೈ ಭದ್ರತೆಯಲ್ಲಿ ಫೋನ್ ಸೇರುವ ಕ್ಷಣದ ಹ್ಯಾಂಡ್‌ಶೇಕ್ (ಫೋನ್-ರೂಟರ್ ನಡುವಿನ ಗುರುತು ವಿನಿಮಯ) ಹಿಡಿದಿಟ್ಟುಕೊಂಡವನಿಗೆ ಹತ್ತು ಅಂಕಿಗಳನ್ನೆಲ್ಲ ತಾಳೆ ನೋಡುವುದು ಒಳ್ಳೆಯ ಗ್ರಾಫಿಕ್ಸ್ ಕಾರ್ಡಿನಲ್ಲಿ ಕೆಲವೇ ಗಂಟೆಗಳ ಕೆಲಸ. ಸಂಬಂಧವಿಲ್ಲದ ನಾಲ್ಕೈದು ಪದ, ಇಂಗ್ಲಿಷ್ ಅಕ್ಷರದಲ್ಲಿ, 20 ಅಕ್ಷರ ಮೀರಿದರೆ ಒಳ್ಳೆಯದು. ವೈಫೈ ಹೆಸರು ಅಡಗಿಸುವುದರಿಂದ ಏನೂ ಪ್ರಯೋಜನವಾಗದು.

ಮುಖ್ಯ ನೆಟ್‌ವರ್ಕ್ ಅದಕ್ಕಿಂತ ಹೊಸದಾದ ಡಬ್ಲ್ಯೂಪಿಎ3ರಲ್ಲಿ. ಹಳೇ ಸ್ಮಾರ್ಟ್ ಪ್ಲಗ್, ಕ್ಯಾಮೆರಾ ಅದಕ್ಕೆ ಒಗ್ಗಲಿಲ್ಲ; ಅವು 2.4 ಗಿಗಾಹರ್ಟ್ಸ್‌ನ ಗೆಸ್ಟ್ ನೆಟ್‌ವರ್ಕಿಗೆ (ಮನೆಯ ಮುಖ್ಯ ನೆಟ್‌ವರ್ಕಿನಿಂದ ಬೇರೆ ಇಡುವ ವೈಫೈ), ಡಬ್ಲ್ಯೂಪಿಎ2-ಎಇಎಸ್‌ನಲ್ಲಿ. ಇಲ್ಲೊಂದು ಎಡವುವ ಜಾಗ ಇದೆ: ಆಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿರುವ ಪೆಟ್ಟಿಗೆಯ ಗೆಸ್ಟ್ ಎಷ್ಟೋ ಸಲ ಹೆಸರಿಗಷ್ಟೇ ಬೇರೆ. ಅದಕ್ಕೆ ಸೇರಿ ಮುಖ್ಯ ರೂಟರ್‌ನ ವಿಳಾಸ 192.168.1.1 ತೆರೆದಾಗ ಲಾಗಿನ್ ಪುಟ ಬಂತು, ಅಂದರೆ ತಡೆ ಇಲ್ಲ. ಆದ್ದರಿಂದ ಗೆಸ್ಟ್ ಚಾವಡಿಯ ರೂಟರ್‌ನಲ್ಲಿ ಮಾತ್ರ.

ಆಟಿ (ತುಳುವರ ಮಳೆಗಾಲದ ತಿಂಗಳು): ಮತ್ತೆ ಅಳತೆ

ನೀರು ಕುಡಿದ ಮುರಕಲ್ಲಿನಲ್ಲಿ ಒಂದು ಗೋಡೆಯಾಚೆಯ ಮೈನಸ್ 62 ಈಗ ಮೈನಸ್ 66. ಎರಡನೇ ಪೆಟ್ಟಿಗೆ ಇರುವುದರಿಂದ ತೊಂದರೆಯಿಲ್ಲ. ಕರೆಂಟ್ ಹೋದಾಗ ಇರಲೆಂದು 12 ವೋಲ್ಟಿನ ಮಿನಿ ಯುಪಿಎಸ್. ಓಎನ್‌ಟಿ (ಫೈಬರ್ ಬಂದು ಸೇರುವ ಪೆಟ್ಟಿಗೆ) 1 ಆಂಪಿಯರ್, ರೂಟರ್ 1.5, ಎರಡನ್ನೂ ಕೂಡಿಸಿ ನೋಡಿಯೇ ಆರಿಸಿದ್ದು.

ಬಾಕಿ: 60 ಮೀಟರ್ ದೂರದ ಪಂಪ್ ಶೆಡ್. ಕ್ಯಾಟ್6 ಅಷ್ಟು ದೂರ ಸಲೀಸಾಗಿ ಹೋಗುತ್ತದೆ, ಆದರೂ ಬೇಡ. ಹತ್ತಿರ ಸಿಡಿಲು ಬಿದ್ದರೆ ತಾಮ್ರದ ಎರಡೂ ತುದಿಯ ಪೋರ್ಟ್ ಸುಡಬಹುದು. ಉಕ್ಕಿನ ತಂತಿಯಿಲ್ಲದ ಫೈಬರ್, ಎರಡು ಮೀಡಿಯಾ ಕನ್ವರ್ಟರ್ (ಫೈಬರ್‌ನ ಬೆಳಕಿಗೂ ತಾಮ್ರದ ಕೇಬಲ್ಲಿಗೂ ನಡುವಿನ ಪೆಟ್ಟಿಗೆ). ಪೈಪಿಗೆ ಕಣಿ ತೋಡುವುದು ದೀಪಾವಳಿ ಕಳೆದ ಮೇಲೆ.